ಯೂಚಿನ್‌ಗೆ ಬೇಕಾದ ಎರಡು ಕಿಲೊ

ನವೆಂಬರ್ 6, ಬೆಳಿಗ್ಗೆ

ಎಲೆಕೋಸು ಕೊಚ್ಚಿ ಹಿಂಡಿಟ್ಟೆ. ಮಣಿಕಟ್ಟು ನೋವು. ಯೂಚಿನ್ ಇನ್ನೂ ಮಲಗಿದ್ದಾಳೆ. ಮದುವೆಯಾದಾಗಿನಿಂದ ಅಡುಗೆಮನೆ ಅವಳದೇ... ಈಗ ನನ್ನ ಪಾಲಿಗೆ ಬಂದಿದೆ.

ನಿನ್ನೆ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಲುವಾನ್ ಡಾಕ್ಟರ್ ಖಡಾಖಂಡಿತವಾಗಿ ಹೇಳಿದರು — ಅವಳ ತೂಕ ಎರಡು ಕಿಲೊ ಏರದಿದ್ದರೆ ಮುಂದಿನ ಕೀಮೋ ಇಲ್ಲ. ಹಂದಿಮಾಂಸ, ಕೋಸು ತುಂಬಿ ಬಾಣಲೆಯಲ್ಲಿ ಹುರಿದ ಕಡುಬು ಕೊಡಬಹುದೇ ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಧಾರಾಳವಾಗಿ ಕೊಡಿ. ಹಂದಿಮಾಂಸದಲ್ಲಿ ಪ್ರೋಟೀನ್ ಇದೆ, ಹಿಟ್ಟಲ್ಲಿ ಶಕ್ತಿ, ಕೋಸಲ್ಲಿ ನಾರು. ಬೇಯಿಸಿದ್ದಕ್ಕಿಂತ ಹುರಿದಿದ್ರಲ್ಲಿ ಎಣ್ಣೆ ಕ್ಯಾಲೊರಿ ಜಾಸ್ತಿ. ನಿಮಗೆ, ನನಗೆ ಅದು ಬೇಡ. ಅವರಿಗೆ ಈಗ ಅದೇ ಬೇಕು. ಉಪ್ಪು ಮಾತ್ರ ಹಿಡಿತದಲ್ಲಿರಲಿ."

ಅದೇ ದಿನ, ಮಧ್ಯಾಹ್ನ

ಉಪ್ಪೇ ಕೈಕೊಟ್ಟಿತು. ಹಸಿ ಮಾಂಸ ನೆಕ್ಕಿ ನೋಡುವ ಹಾಗಿಲ್ಲ. ನಮ್ಮ ಹೆಂಗಸರು ಹೂರಣ ಮೂಸಿಯೇ ಉಪ್ಪು ಹೇಳುತ್ತಾರೆ. ನಾನೂ ಮೂಸಿದೆ. ಏನೂ ತಿಳಿಯಲಿಲ್ಲ. ತಿಳಿದವನ ಹಾಗೆ ತಲೆಯಾಡಿಸಿ ಇನ್ನೊಂದು ಚಮಚ ಹಾಕಿದೆ.

ಯೂಚಿನ್ ಒಂದು ಕಚ್ಚಿ ಕಣ್ಣು ಮುಚ್ಚಿದಳು. "ಲಾವೊ ಗೆಂಗ್, ಸಮುದ್ರನೇ ತಂದು ಸುರಿದ್ಯಾ?"

ಆಮೇಲೆ ನಕ್ಕಳು. ಎಷ್ಟು ದಿನವಾಯಿತು ಆ ನಗು ಕೇಳಿ... ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನವೆಂಬರ್ 9

ಮಾಂಸದ ವಾಸನೆಗೆ ಅವಳಿಗೆ ಓಕರಿಕೆ. ಆದರೂ ಹೂರಣದ ಬಟ್ಟಲು ತರಿಸಿಕೊಂಡಳು. ಮೂಗಿನ ಹತ್ತಿರ ಹಿಡಿದು, ತಟ್ಟನೆ ಸರಿಸಿ — "ಇನ್ನೊಂದು ಚಿಟಿಕೆ. ಸಾಕು, ತಗೊಂಡು ಹೋಗು ಮಾರಾಯ."

ಮೂರು ತಿಂದಳು. ಉಳಿದವನ್ನು ಮುಚ್ಚಿಟ್ಟೆ, ಸಂಜೆ ಕೇಳಿದರೆ ಇರಲಿ. ನನಗೆ ಗಂಜಿ ಸಾಕು.

ನವೆಂಬರ್ 21

ಆರು ತಿಂದಳು. ತಳ ಸೀಯಲಿಲ್ಲ. ಗರಿಗರಿ ಬಂದಿತ್ತು. ನಾನು — ಗಂಜಿ.

ನವೆಂಬರ್ 28, ಸಂಜೆ

ಎರಡು ಕಿಲೊ ಏರಿದೆ, ಮೇಲೆ ಸ್ವಲ್ಪ. ಸೋಮವಾರ ಕೀಮೋ. ಲುವಾನ್ ಡಾಕ್ಟರ್ ಕೈ ಕುಲುಕಿದರು.

ತೂಕದ ಯಂತ್ರದಿಂದ ಇಳಿದವಳು ನರ್ಸಿಗೆ, "ಇವರನ್ನೂ ಒಂದ್ಸಲ ಹತ್ತಿಸಮ್ಮ" ಅಂದಳು. ಬೇಡವೆಂದರೂ ಬಿಡಲಿಲ್ಲ. ನಾಲ್ಕು ಕಿಲೊ ಇಳಿದಿದ್ದೇನೆ.

ಮನೆಗೆ ಬಂದವಳೇ ಒಲೆಯ ಪಕ್ಕ ಸ್ಟೂಲ್ ಎಳೆದುಕೊಂಡು ತಾನೇ ಕಡುಬು ಹುರಿದಳು. ತಟ್ಟೆಯನ್ನು ನನ್ನ ಮುಂದೆ ತಳ್ಳಿದಳು.

"ನನ್ನ ಉಳಿಸ್ಕೊಂಡು ನೀನು ಹೋಗ್ಬಿಟ್ರೆ, ಉಳಿದು ನಾನೇನು ಮಾಡ್ಲಿ?"

"ಹಸಿವಿರಲಿಲ್ಲ, ಯೂಚಿನ್."

"ಈಗಿದೆ. ತಿನ್ನು. ನೋಡ್ತಾ ಕೂತಿರ್ತೀನಿ."

ಇಷ್ಟು ಬರೆದು ತಿನ್ನುತ್ತೇನೆ ಅಂದೆ. ಆರಿಹೋಗುತ್ತೆ ಅನ್ನುತ್ತಿದ್ದಾಳೆ. ಒಂದನ್ನು ಊದಿ ಊದಿ ನನ್ನ ಬಾಯಿಯ ಹತ್ತಿರವೇ ಹಿಡಿದು, ಇನ್ನೊಂದು ಕೈಯಲ್ಲಿ ಪೆನ್ನು ಕಿತ್ತುಕೊ—