ಮೂರನೇ ಯತ್ನದಲ್ಲಿ ನೀನು ಯಾರ ಕಡೆ ತಿರುಗುತ್ತೀಯ

ವೆಸ್ಟರ್ಬಿ, ಅಯೋವಾ
ಗುರುವಾರ, ಅಕ್ಟೋಬರ್ 17, 1996

ಗಾರ್ಡಿ,

ನಿನ್ನ ಹೆಸರಿನ ಹಿಂದೆ ಮಸಿ ಬಳಿದಿರುವ ಜಾಗದಲ್ಲಿ ‘ಪ್ರೀತಿಯ’ ಎಂದಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿ ಬರೆದುಬಿಟ್ಟಿತು. ಹೊಡೆದುಹಾಕಿದ್ದು ಮಾತ್ರ ನಾನೇ.

ಈ ಕಾಗದವನ್ನು ಶನಿವಾರ ಬೆಳಗ್ಗೆ ಪಂದ್ಯಕ್ಕೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ. ನಿನ್ನ ಕೈಗೆ ಸೇರುವುದು ಸೋಮವಾರ. ಅಷ್ಟೊತ್ತಿಗೆ ನಿನ್ನ ಗ್ರೀನ್‌ಲೀ ಕಾಲೇಜಿನ ಫುಟ್‌ಬಾಲ್ ತಂಡ ನಮ್ಮ ಮೈದಾನದಲ್ಲಿ ಮಣ್ಣು ಮುಕ್ಕಿರುತ್ತದೆ. ಯಾಕೆ ಸೋತೆವು, ಹೇಗೆ ಸೋತೆವು ಎಂದು ನೀನು ತಲೆ ಕೆಡಿಸಿಕೊಳ್ಳುವುದು ಬೇಡ ಎಂದು ನಾನೇ ಬರೆದು ತಿಳಿಸುತ್ತಿದ್ದೇನೆ. ಉಪಕಾರ ಅಂದುಕೋ.

ನೀನು ಬಿಟ್ಟುಹೋದ ಕುರ್ಚಿಗೆ ಬಂದಿರುವ ಹೊಸ ಕೋಚ್ ಕೂಪ್‌ಮನ್ ನಿನಗೆ ಗೊತ್ತಲ್ಲ. ಮೂವತ್ತನಾಲ್ಕು ವರ್ಷ, ಕೂದಲು ಆಗಲೇ ಅರ್ಧ ಉದುರಿದೆ, ಬುದ್ಧಿ ಉದುರಿಲ್ಲ. ಆಗಸ್ಟಿನಲ್ಲಿ ಹಳೇ ಕಪಾಟು ತೆಗೆದು, ಎದುರಾಳಿ ತಂಡಗಳ ಮೇಲೆ ನಾವು ವಾರವಾರ ಬರೆಯುತ್ತಿದ್ದ ವರದಿಗಳನ್ನೆಲ್ಲ ಓದಿದ. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, “ಮಾರ್ಲಿಸ್, ಇವನ್ನ ಬರೀತಿದ್ದಿದ್ದು ಗಾರ್ಡಿನೋ, ನೀವೋ?” ಎಂದು ಕೇಳಿದ. ನಾನು ಟೈಪ್ ಮಾಡ್ತಿದ್ದೆ ಅಷ್ಟೆ ಎಂದೆ. ನಿನಗೋಸ್ಕರ ಸುಳ್ಳು ಹೇಳುವುದೂ ನನಗೆ ಅಭ್ಯಾಸವೇ. ಅವನು ಜೋರಾಗಿ ನಕ್ಕುಬಿಟ್ಟ. “ಟೈಪ್ ಮಾಡೋರು ಅಂಚಲ್ಲಿ ‘ಈ ಹುಡುಗನ ಎಡಮೊಣಕಾಲು ನೋಯ್ತಿದೆ, ಅವನ ಕಡೆಗೇ ಓಡಿ’ ಅಂತ ಬರೀತಾರೇನ್ರೀ? ಅದೂ ಪೆನ್ಸಿಲ್ಲಲ್ಲಿ, ನಿಮ್ಮದೇ ಅಕ್ಷರದಲ್ಲಿ?”

ಸಿಕ್ಕಿಬಿದ್ದೆ. ಆಗ ಅವನು ಒಂದು ಮಾತು ಕೊಟ್ಟ. ಗ್ರೀನ್‌ಲೀ ಮೇಲಿನ ವರದಿಯನ್ನು ನಾನೊಬ್ಬಳೇ ಬರೆಯಬೇಕು, ಮೊದಲ ಪುಟದಲ್ಲಿ ನನ್ನ ಹೆಸರೇ ಇರುತ್ತದೆ. ಅದು ಕೆಲಸಕ್ಕೆ ಬಂದರೆ ಬರುವ ವರ್ಷದಿಂದ ನಾನು ಕಚೇರಿಯಲ್ಲಿ ಫೋನ್ ಎತ್ತುವವಳಲ್ಲ, ಎದುರಾಳಿಗಳನ್ನು ಅಳೆಯುವವಳು. ಬಾಗಿಲಿಗೊಂದು ಫಲಕ. ಐವತ್ತೊಂದನೇ ವಯಸ್ಸಿಗೆ ಫಲಕದ ಆಸೆಯೇ ಎಂದು ನಗಬೇಡ. ನಿನ್ನ ಹೆಸರಿನ ಫಲಕಕ್ಕೆ ನಾನು ಎಷ್ಟು ವರ್ಷ ಒರೆಸುಬಟ್ಟೆ ಹಿಡಿದಿದ್ದೇನೆ ಎಂದು ಮೊದಲು ಲೆಕ್ಕ ಹಾಕು.

ಹೋದ ಭಾನುವಾರ ಪಂದ್ಯಗಳ ವಿಡಿಯೊ ಟೇಪು ಅದಲುಬದಲು ಮಾಡಲು ಹೆದ್ದಾರಿಯ ಟ್ರಕ್ ನಿಲ್ದಾಣಕ್ಕೆ ನಾನೇ ಹೋದೆ. ಯಾರನ್ನಾದರೂ ಕಳಿಸಬಹುದಿತ್ತು. ನಮ್ಮ ಮೂರು ಪಂದ್ಯ ನಿಮಗೆ, ನಿಮ್ಮ ಮೂರು ಪಂದ್ಯ ನಮಗೆ. ಇಷ್ಟು ವರ್ಷ ಆ ಕೆಲಸಕ್ಕೆ ನೀನೇ ಹೋಗುತ್ತಿದ್ದವನು, ಈ ಸಲವೂ ನೀನೇ ಬರುತ್ತೀಯ ಅಂದುಕೊಂಡಿದ್ದೆ. ನೀಲಿ ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಅದು ಚಳಿಗೆ.

ಬಂದವಳು ರೋಂಡಾ ಕೆಸೆಲ್. ನಿಮ್ಮ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳಂತೆ, ವಾರಾಂತ್ಯದಲ್ಲಿ ನಿನಗೆ ಅಂಕಿಅಂಶ ಬರೆದುಕೊಡುತ್ತಾಳಂತೆ. ಮೂವತ್ತೆಂಟು ಇರಬಹುದು. ಹಲ್ಲು ಚೆನ್ನಾಗಿದೆ. ಮೈಮೇಲೆ ಗ್ರೀನ್‌ಲೀ ತಂಡದ ಜಾಕೆಟ್, ತೋಳು ಎರಡು ಮಡಿಕೆ ಮಡಚಿತ್ತು, ಅಂದರೆ ಗಂಡಸಿನ ಅಳತೆಯದು. ಯಾವ ಗಂಡಸಿನದು ಎಂದು ನಾನು ಕೇಳಲಿಲ್ಲ. ನಾನು ಒಂದು ಬಟ್ಟಲು ಚಿಲಿ ಸಾರು, ಸಿಹಿ ಸಿನಮನ್ ರೋಲ್ ತೆಗೆದುಕೊಂಡೆ, ಅವಳು ಬರೀ ಕಾಫಿ. ಕಾಲೇಜಿನ ಹವಾಮಾನ, ಊರಿನ ಹವಾಮಾನ ಎಲ್ಲ ಮುಗಿದ ಮೇಲೆ ಅವಳು, “ನಿಮ್ಮ ಹೆಸರನ್ನ ದಿನಕ್ಕೆ ಹತ್ತು ಸಲ ಕೇಳ್ತೀನಿ ಮಿಸೆಸ್ ಟ್ವೆಟ್, ನನಗಂತೂ ಸಾಕಾಗಿಹೋಗಿದೆ” ಎಂದಳು. ನಗುತ್ತಲೇ ಅಂದಳು. ಎಷ್ಟು ಕೊಬ್ಬು ನೋಡು! ನನ್ನ ಗಂಡನ ಜಾಕೆಟ್ಟಿನಲ್ಲಿ ಕೂತು, ನನ್ನೆದುರಿಗೇ, ನನ್ನ ಹೆಸರು ಕೇಳಿ ಸಾಕಾಯಿತಂತೆ. ನಾನು ರೋಲನ್ನು ಅರ್ಧಕ್ಕೆ ಬಿಟ್ಟು ಎದ್ದೆ. ನಾನು ರೋಲ್ ಬಿಡುವವಳಲ್ಲ ಎಂದು ನಿನಗೆ ಗೊತ್ತು.

ಸೋಮವಾರ ಬೆಳಗ್ಗೆ ಎಂಟಕ್ಕೆ ಕೋಣೆ ಬಾಗಿಲು ಹಾಕಿಕೊಂಡು ಮೊದಲ ಟೇಪು ಹಾಕಿದೆ. ಬೇರೆ ಕೋಚುಗಳು ಆಟದ ಹೊತ್ತನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ ಕಳಿಸುತ್ತಾರೆ. ನೀನು ಸೋಮಾರಿ, ಯಾವತ್ತೂ ಕತ್ತರಿಸಿದವನಲ್ಲ. ಹಾಗಾಗಿ ಎರಡು ಆಟಗಳ ನಡುವೆ ಹುಡುಗರು ಗುಂಪುಗೂಡುವುದು, ನೀರು ಕುಡಿಯುವುದು, ಆಚೆ ಅಂಚಿನಲ್ಲಿ ನೀನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು ಎಲ್ಲವೂ ಇದೆ. ಹತ್ತು ಪೌಂಡ್ ಇಳಿದಿದ್ದೀಯ. ನಿನ್ನ ಪಕ್ಕದಲ್ಲಿ ಅವಳು. ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ತಲೆಯ ಮೇಲೆ ಹೆಡ್‌ಸೆಟ್.

ಆ ಹೆಡ್‌ಸೆಟ್ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ. ಇಪ್ಪತ್ತೆರಡು ವರ್ಷ ನಾನು ಅಡುಗೆಮನೆ ಮೇಜಿನ ಮೇಲೆ ಕಂಡುಹಿಡಿದದ್ದನ್ನು ನೀನು ಮೈದಾನದಲ್ಲಿ ನಿನ್ನ ಬಾಯಿಂದ ಹೇಳಿದೆ. ನಾನು ಮೇಲೆ, ಮರದ ಬೆಂಚಿನಲ್ಲಿ, ಹಾಟ್‌ಡಾಗ್ ಮಾರುವವರ ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಒಂದು ಸಲ, ಒಂದೇ ಒಂದು ಸಲ, ನಾನೂ ಕೆಳಗೆ ನಿಲ್ಲಲೇ ಎಂದು ಕೇಳಿದ್ದಕ್ಕೆ ನೀನು, “ಹೆಂಗಸರು ಅಲ್ಲಿ ನಿಂತ್ರೆ ಹುಡುಗರ ಗಮನ ಹೋಗತ್ತೆ ಮಾರ್” ಎಂದಿದ್ದೆ. ಈಗ ಯಾರ ಗಮನವೂ ಹೋಗುವುದಿಲ್ಲವೇನು? ನಾಲ್ಕು ತಿಂಗಳಲ್ಲಿ ಅವಳಿಗೆ ಸಿಕ್ಕಿತು! ಅವಳು ಹಲಗೆಯ ಮೇಲೆ ಬೆರಳಿಡುತ್ತಾಳೆ, ನೀನು ಬಗ್ಗಿ ನೋಡುತ್ತೀಯ, ತಲೆಯಾಡಿಸುತ್ತೀಯ. ಅದೊಂದನ್ನೇ ಹನ್ನೊಂದು ಸಲ ಹಿಂದಕ್ಕೆ ಓಡಿಸಿ ನೋಡಿದೆ. ನೀನು ನನಗೆ ತಲೆಯಾಡಿಸುತ್ತಿದ್ದದ್ದು ಹೀಗೆಯೇ. ಆಟ ಯಾರು ಆಡಿದರೋ, ಚೆಂಡು ಎಲ್ಲಿಗೆ ಹೋಯಿತೋ ನನಗೆ ಕಾಣಲೇ ಇಲ್ಲ.

ಆದರೆ ಕೇಳು, ಹೊಟ್ಟೆಕಿಚ್ಚಿಗೂ ಕಣ್ಣಿರುತ್ತದೆ. ಈ ಆಟವೆಲ್ಲ ಒಂದೇ ಪ್ರಶ್ನೆ ಎಂದು ನೀನೇ ಹೇಳುತ್ತಿದ್ದೆ: ಎದುರಿನವರು ಚೆಂಡನ್ನು ಹಿಡಿದು ಓಡುತ್ತಾರೋ, ಎಸೆಯುತ್ತಾರೋ. ಅದು ಮೊದಲೇ ಗೊತ್ತಾದರೆ ಅರ್ಧ ಗೆದ್ದ ಹಾಗೆ. ಹತ್ತು ಗಜ ದಾಟಲು ಇರುವುದು ನಾಲ್ಕು ಯತ್ನ, ನಾಲ್ಕನೆಯದರಲ್ಲಿ ಹೆಚ್ಚಾಗಿ ಚೆಂಡನ್ನು ಒದ್ದು ಬಿಟ್ಟುಕೊಡುವುದೇ, ಹಾಗಾಗಿ ನಿಜವಾದ ಯೋಚನೆ ಬೇಕಾಗುವುದು ಮೂರನೆಯದಕ್ಕೆ. ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಮೂರನೇ ಯತ್ನಕ್ಕೆ ಮೊದಲು ನೀನು ರೋಂಡಾ ಕಡೆ ತಿರುಗಿದರೆ ನಿನ್ನ ಹುಡುಗರು ಚೆಂಡು ಎಸೆಯುತ್ತಾರೆ. ತಿರುಗದೆ ನಿಂತರೆ ಓಡುತ್ತಾರೆ. ಓಟ ನಿನಗೆ ನಿದ್ದೆಯಲ್ಲೂ ಗೊತ್ತು, ಎಸೆತಕ್ಕೆ ನಿನಗೆ ಯಾವಾಗಲೂ ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ನಾನಾಗಿದ್ದೆ. ಮೂರು ಪಂದ್ಯದಲ್ಲಿ ನಲವತ್ತೊಂದು ಮೂರನೇ ಯತ್ನ, ಅದರಲ್ಲಿ ಮೂವತ್ತೆಂಟು ಸಲ ನನ್ನ ಊಹೆ ಸರಿ.

ಮಂಗಳವಾರ ವರದಿ ಕೊಟ್ಟೆ. ಕೂಪ್‌ಮನ್ ಎರಡು ಸಲ ಓದಿ, ತಲೆ ಕೆರೆದುಕೊಂಡು, “ರೀ, ಎಲ್ಲರೂ ಆಟಗಾರರನ್ನ ನೋಡ್ತಾರೆ. ಕೋಚ್ ಕತ್ತು ಎತ್ತ ತಿರುಗತ್ತೆ ಅಂತ ನೋಡೋ ಬುದ್ಧಿ ನಿಮಗೆ ಹೇಗ್ರೀ ಬಂತು?” ಎಂದು ಕೇಳಿದ. ಅನುಭವ ಎಂದೆ. ಶನಿವಾರ ನಾನು ಮೇಲಿನ ಪತ್ರಿಕೆಯವರ ಕೋಣೆಯಲ್ಲಿ ದುರ್ಬೀನು ಹಿಡಿದು ಕೂರುತ್ತೇನೆ. ತಲೆಗೆ ಹೆಡ್‌ಸೆಟ್. ಹೌದು ಗಾರ್ಡಿ, ನನಗೂ.

ನೀನು ನನ್ನನ್ನು ಬಿಟ್ಟುಹೋದೆ ಎಂದೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಚರ್ಚಿನ ಹೆಂಗಸರು ಒಂದು ತಿಂಗಳು ನನಗೆ ಅಡುಗೆ ಮಾಡಿ ತಂದುಕೊಟ್ಟರು, ತಿಂದೆ. ಹೋಗುವ ಮೊದಲು ನೀನು ಬಾ ಎಂದು ಕರೆದದ್ದನ್ನು ಯಾರಿಗೂ ಹೇಳಿಲ್ಲ. ಬಂದರೆ ಅಲ್ಲಿ ನನಗೇನು ಕೆಲಸ ಎಂದು ನಾನು ಕೇಳಿದೆ, “ಇಲ್ಲಿ ಮಾಡೋದೇ ಅಲ್ಲೂ ಮಾಡು” ಎಂದು ನೀನು ನಕ್ಕೆ. ಆ ನಗು ಕೇಳಿಯೇ ನಾನು ಬರಲಿಲ್ಲ. ಇನ್ನೊಂದು ಸಲ ಕರೆಯುತ್ತೀಯ ಎಂದು ಕಾದೆ. ನೀನು ಕರೆಯಲಿಲ್ಲ, ಗಣಿತದವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ.

ಸೋತ ಮೇಲೆ ಬಸ್ಸಿನಲ್ಲಿ ಅವಳ ಪಕ್ಕ ಕೂತು ಸಮಾಧಾನ ಮಾಡಿಕೊಂಡಿರುತ್ತೀಯ ಬಿಡು.

ಇನ್ನೂ ಕಾನೂನಿನ ಪ್ರಕಾರ ನಿನ್ನ ಹೆಂಡತಿಯಾಗಿರುವ,
ಮಾರ್ಲಿಸ್ ಟ್ವೆಟ್

ಮತ್ತೆ ಬರೆದದ್ದು: ಭಾನುವಾರ, ಅಕ್ಟೋಬರ್ 20. ಶನಿವಾರ ಬೆಳಗ್ಗೆ ಅಂಚೆಕಚೇರಿಯ ಮುಂದೆ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ, ಗೆದ್ದ ಮೇಲೆ ಹಾಕಿದರಾಯಿತು ಎಂದು ಕೈಚೀಲದಲ್ಲೇ ಇಟ್ಟುಕೊಂಡೆ. ದೇವರು ದೊಡ್ಡವನು. ಇಪ್ಪತ್ತನಾಲ್ಕು–ಏಳು. ನಿನಗೆ ಇಪ್ಪತ್ತನಾಲ್ಕು.

ಮೊದಲ ಮೂರನೇ ಯತ್ನದಲ್ಲಿ ನೀನು ಅವಳ ಕಡೆ ತಿರುಗಿದೆ. ಎಸೀತಾರೆ, ಎಸೀತಾರೆ ಎಂದು ನಾನು ಹೆಡ್‌ಸೆಟ್ಟಿನಲ್ಲಿ ಕಿರುಚಿದೆ. ನಮ್ಮ ಹುಡುಗರೆಲ್ಲ ಹಿಂದಕ್ಕೆ ಸರಿದು ಆಕಾಶ ನೋಡುತ್ತ ನಿಂತರು. ನಿನ್ನವನು ಖಾಲಿ ನಡುಮನೆಯಲ್ಲಿ ಓಡಿದ ಹಾಗೆ ಮೂವತ್ತು ಗಜ ಓಡಿದ. ಒಂದು ಸಲ ತಪ್ಪಬಹುದು ಎಂದುಕೊಂಡೆ. ಎರಡನೇ ಸಲ ನೀನು ತಿರುಗಲಿಲ್ಲ, ಓಟ ಎಂದೆ, ನಮ್ಮವರ ತಲೆಯ ಮೇಲಿಂದ ಚೆಂಡು ಹೋಯಿತು. ಮೂರನೇ ಸಲ ಅವಳ ಕಡೆ ತಿರುಗಿದ ನೀನು, ಆಮೇಲೆ ಮುಖ ಎತ್ತಿ ನಾನು ಕೂತಿದ್ದ ಕಿಟಕಿಯನ್ನೇ ನೋಡಿದೆ. ಆಗ ಗೊತ್ತಾಯಿತು, ಸೀದಾ ಹಳ್ಳಕ್ಕೆ ಬಿದ್ದಿದ್ದೇನೆ ಎಂದು.

ಪಂದ್ಯ ಮುಗಿದು ಕೈಕುಲುಕುವಾಗ ನೀನು ಏನಂದೆ ಎಂದು ಕೂಪ್‌ಮನ್ ಇವತ್ತು ಬೆಳಗ್ಗೆ ಹೇಳಿದ. “ಟೇಪು ಕಳಿಸೋ ಮೊದಲು ಮಾರ್ಲಿಸ್ ಕಣ್ಣಿಂದ ಒಂದ್ಸಲ ನೋಡಿದೆ, ಆಗ ನನ್ನ ಕತ್ತು ನನಗೇ ಕಾಣಿಸ್ತು” ಎಂದೆಯಂತೆ. ನನ್ನ ಕಣ್ಣಿಂದ! ನನಗೆ ಎಲ್ಲಿ ಉರಿಯುತ್ತದೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಪಂದ್ಯಕ್ಕೆ ಎದುರಾಳಿಯನ್ನು ಅಳೆದವನು ನೀನು, ನಾನಲ್ಲ. ಸಿಟ್ಟಿಗೆ ಅತ್ತೆ. ಈಚೆಗೆ ಯಾರೂ ನನ್ನನ್ನು ಅಷ್ಟು ಗಮನವಿಟ್ಟು ನೋಡಿಲ್ಲ ಎಂದೂ ಅತ್ತೆ. ಕೂಪ್‌ಮನ್ ಬೈಯಲಿಲ್ಲ. ಫಲಕದ ಮಾತನ್ನೂ ಎತ್ತಲಿಲ್ಲ. ಜೀವಮಾನದಲ್ಲಿ ನನ್ನ ಹೆಸರು ಹೊತ್ತ ಮೊದಲ ವರದಿಯೇ ತಪ್ಪು ವರದಿ. ನಾಳೆಯಿಂದ ಮತ್ತೆ ಫೋನ್ ಎತ್ತುತ್ತೇನೆ.

ಅವನು ಹೋದ ಮೇಲೆ ನಿಮ್ಮ ಟೇಪನ್ನು ಮತ್ತೆ ಹಾಕಿದೆ. ಈ ಸಲ ಟಿವಿಯ ಮೇಲ್ಭಾಗಕ್ಕೆ, ನೀನೂ ಅವಳೂ ನಿಲ್ಲುವ ಜಾಗಕ್ಕೆ, ಒಂದು ರಟ್ಟು ಅಂಟಿಸಿದೆ. ಹತ್ತೇ ನಿಮಿಷಕ್ಕೆ ಕಂಡಿತು ಗಾರ್ಡಿ. ನಿನ್ನ ಅರವತ್ತನಾಲ್ಕನೇ ನಂಬರಿನ ಹುಡುಗ, ಚೆಂಡಿನ ಎಡಪಕ್ಕದಲ್ಲಿ ಬಗ್ಗಿ ನಿಲ್ಲುತ್ತಾನಲ್ಲ, ಅವನು ಎಸೆತವಿದ್ದಾಗ ಬಲಗಾಲನ್ನು ಅರ್ಧ ಬೂಟಿನಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಓಟವಿದ್ದಾಗ ಎರಡು ಕಾಲೂ ಸಮ. ಮೂರೂ ಪಂದ್ಯ ನೋಡಿದೆ, ನಲವತ್ತೊಂದಕ್ಕೆ ನಲವತ್ತೊಂದು. ಶನಿವಾರವೂ ಹಾಗೇ ಮಾಡಿದ್ದಾನೆ, ನಮ್ಮ ಟೇಪಿನಲ್ಲಿ ನೋಡಿದೆ. ಅದು ಪರದೆಯ ನಟ್ಟನಡುವೆ ಇತ್ತು, ನಾನು ಮೂಲೆಯಲ್ಲಿದ್ದ ಜಾಕೆಟ್ ನೋಡುತ್ತ ಕೂತಿದ್ದೆ.

ಈ ವರ್ಷ ನಾವು ನೀವು ಮತ್ತೆ ಎದುರಾಗುವುದಿಲ್ಲ, ಹಾಗಾಗಿ ಇದನ್ನು ಕೂಪ್‌ಮನ್‌ಗೆ ಹೇಳುವ ಅಗತ್ಯವಿಲ್ಲ ಎಂದು ನಾನೇ ತೀರ್ಮಾನಿಸಿದ್ದೇನೆ. ಬರುವ ಶನಿವಾರ ನಿನ್ನೆದುರು ಆಡುವವರ ಟೇಪಿನ ಮುಂದೆ ಹೊಟ್ಟೆಕಿಚ್ಚಿನವರು ಯಾರೂ ಕೂತಿರುವುದಿಲ್ಲ, ಖಂಡಿತ ಕಂಡುಹಿಡಿಯುತ್ತಾರೆ. ಆ ಹುಡುಗನ ಕಾಲನ್ನು ಮಂಗಳವಾರದ ಅಭ್ಯಾಸದಲ್ಲೇ ತಿದ್ದು. ಇದನ್ನು ಕಂಡುಹಿಡಿದವರು ಯಾರು ಎಂದು ರೋಂಡಾ ಕೇಳುತ್ತಾಳೆ. ಈ ಸಲ ನನ್ನ ಹೆಸರು ಹೇಳು.