ಅರವತ್ತಕ್ಕೆ ಇಳಿಸಿದ ಪರದೆ

ಥಂಡರ್ ಬೇ,
ಜೂನ್ ೯, ಸೋಮವಾರ

ಪ್ರೀತಿಯ ರೈಮೊ ಅಣ್ಣಾ,

ಹೇಗಿದ್ದೀಯ? ದಿನಕ್ಕೆ ಎರಡು ಸಾವಿರ ಸಸಿ ನೆಡುವ ನಿನ್ನ ಸೊಂಟ, ಕಾಡಿನ ಕರಿನೊಣಗಳಿಗೆ ಊಟವಾದ ನಿನ್ನ ಕಿವಿ, ಇವೆರಡರ ಕ್ಷೇಮವನ್ನೂ ಪ್ರತ್ಯೇಕವಾಗಿ ತಿಳಿಸತಕ್ಕದ್ದು. ಅಜ್ಜಿ ಭಾನುವಾರ ಪ್ಯಾನ್‌ಕೇಕ್ ಹುಯ್ಯುವಾಗ ನಿನ್ನ ಪಾಲಿನ ನಾಲ್ಕನ್ನು ಈಗಲೂ ಹುಯ್ದೇ ಬಿಡುತ್ತಾಳೆ. ತಿನ್ನುವ ಘನಕಾರ್ಯ ನನ್ನ ಮೇಲೆ ಬಿದ್ದಿದೆ. "ಅವ್ನ ಪಾಲೂ ತಿಂದು ಊದ್ತಿದ್ದೀಯಲ್ಲೇ ಕಳ್ಳಿ" ಎನ್ನುತ್ತಾಳೆ, ಇನ್ನೊಂದು ಬಡಿಸುತ್ತಾಳೆ.

ನೀನು ಅಮ್ಮನಿಗೆ ಬರೆದ ಕಾಗದವನ್ನು ಕದ್ದು ಓದಿದೆ. (ಈ ಪತ್ರದಲ್ಲಿ ಒಪ್ಪಿಕೊಳ್ಳುವ ಅಪರಾಧಗಳಲ್ಲಿ ಇದೇ ಚಿಕ್ಕದು.) "ಕಣ್ಣು ಮೊದಲಿನ ಹಾಗಿಲ್ಲಮ್ಮ, ಕೈನೂ ನಿಧಾನ ಆಗಿದೆ. ಇನ್ನು ಆಡಲ್ಲ, ಕಂಪ್ಯೂಟರ್ ಮಾರ್ಬಿಡು" ಎಂದಿದ್ದೀಯ. ಹತ್ತೊಂಬತ್ತು ವರ್ಷಕ್ಕೆ! ಇದೇ ಇಪ್ಪತ್ತೊಂದನೇ ತಾರೀಕು ಯಾರೋ ಬಂದು ಕಂಪ್ಯೂಟರನ್ನು ಕೊಂಡೊಯ್ಯುತ್ತಾರೆ. ಆದಕಾರಣ ಹದಿನಾಲ್ಕು ವರ್ಷದ ನಿನ್ನ ತಂಗಿ ಲೆಂಪಿ, ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ ಈ ಹೇಳಿಕೆ ಕೊಡುತ್ತಿದ್ದಾಳೆ.

ಏಪ್ರಿಲ್‌ನಲ್ಲಿ, ನಿನ್ನ ಕಂಪ್ಯೂಟರ್ ಆಟದ ಪಂದ್ಯಾವಳಿಯ ಆಯ್ಕೆ ಸುತ್ತಿನ ದಿನ, ನೀನು ಸೌನಾದ ಬಿಸಿ ಹಬೆಯಲ್ಲಿ ಬೆವರುತ್ತಿದ್ದಾಗ ನಾನು ನಿನ್ನ ಕುರ್ಚಿಯಲ್ಲಿ ಕೂತು, ಸೆಕೆಂಡಿಗೆ ನೂರ ನಲವತ್ತನಾಲ್ಕು ಚಿತ್ರ ತೋರಿಸುವ ನಿನ್ನ ಮಾನಿಟರನ್ನು ಅರವತ್ತಕ್ಕೆ ಇಳಿಸಿದೆ. "ಅರವತ್ತರಲ್ಲಿ ಆಡೋದು ಕೆಸರಲ್ಲಿ ಓಡಿದ ಹಾಗೆ ಕಣೇ, ನಂಗೆ ತಕ್ಷಣ ಗೊತ್ತಾಗತ್ತೆ" ಎಂದು ಜಂಭ ಕೊಚ್ಚುತ್ತಿದ್ದೆಯಲ್ಲ, ಅದಕ್ಕೆ. ಅಭ್ಯಾಸದ ಆಟದಲ್ಲೇ ಕಿರುಚುತ್ತೀಯ, ನಗಬಹುದು ಎಂದುಕೊಂಡಿದ್ದೆ. ನೀನು ತಡವಾಗಿ ಬಂದೆ, ನೇರ ಪಂದ್ಯಕ್ಕೇ ಕೂತೆ. ಕಣ್ಣುಜ್ಜಿದೆ. ಮತ್ತೆ ಉಜ್ಜಿದೆ. ಎದುರಾಳಿ ನುಣ್ಣಗೆ ಓಡುವ ಬದಲು ತುಂಡುತುಂಡಾಗಿ ಹಾರುತ್ತಿದ್ದ. ನೀನು ಗುರಿಯಿಡುವಷ್ಟರಲ್ಲಿ ಅಲ್ಲಿರುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ನನಗೆ ನಗು ಯಾವಾಗ ನಿಂತಿತೋ ಗೊತ್ತಿಲ್ಲ. ಮೊದಲ ಸುತ್ತು ಮುಗಿದಾಗ ಹೇಳಬಹುದಿತ್ತು. ಹೆದರಿ ಸುಮ್ಮನಿದ್ದೆ. ಸೋತು ನೀನು ಮುಖ ತೊಳೆಯಲು ಎದ್ದಾಗ ಮತ್ತೆ ನೂರ ನಲವತ್ತನಾಲ್ಕಕ್ಕೆ ಏರಿಸಿಟ್ಟೆ. ಅದಕ್ಕೇ ನೀನು ಬಂದು ದೋಷ ಹುಡುಕಿದಾಗ ಎಲ್ಲ ಸರಿಯಾಗಿತ್ತು.

ನಿನ್ನ ಕಣ್ಣಿಗೆ ಏನೂ ಆಗಿಲ್ಲ, ಅಣ್ಣಾ. ಕೈಗೂ.

ನಿನ್ನೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. "ಅವನನ್ನ ವಾಪಸ್ ಕರೆಸೋಕೆ ಹೊಸ ನಾಟಕ ಏನೇ? ನಿನ್ ಮಾತು ಯಾರೇ ನಂಬ್ತಾರೆ?" ಎಂದಳು. ನನ್ನ ಇಷ್ಟು ವರ್ಷದ ಸಾಧನೆಗೆ ಸಂದ ಗೌರವ. ಕಾಡಿನಲ್ಲಿ ಫೋನ್ ಸಿಗುವುದಿಲ್ಲ, ನೀನು ಪೇಟೆಗೆ ಬಂದ ದಿನವೇ ಅವಳಿಗೆ ಫೋನ್ ಮಾಡಿ ಮಾರಬೇಡ ಅನ್ನು. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ.

ಅಜ್ಜಿಯ ಆಶೀರ್ವಾದ, ಅಮ್ಮನ ಮುತ್ತುಗಳು ಇದರೊಳಗಿವೆ.

ಶಿಕ್ಷೆಗೆ ಕಾದಿರುವ,
ಲೆಂಪಿ

ವಿ.ಸೂ.: ಅಂಚೆ ಗಾಡಿ ಬರುವ ಹೊತ್ತಾಯಿತು. ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಆವತ್ತು ಸೋತ ಮೇಲೆ ನೀನು ಮೆಟ್ಟಿಲ ಮೇಲೆ ಕೂತು "ಲೆಂಪಿ, ನೀನೇನಾದ್ರೂ ಮುಟ್ಟಿದ್ಯೇನೇ?" ಎಂದು ಕೇಳಿದೆ. ನಾನು "ಅಜ್ಜಿಯಾಣೆ ಇಲ್ಲ" ಎಂದೆ. ಬೇರೆ ಯಾರಾದರೂ ಎರಡನೇ ಸಲ ಕೇಳುತ್ತಿದ್ದರು. ನೀನು ನನ್ನ ತಲೆ ಸವರಿ "ಹಾಗಾದ್ರೆ ನನ್ ಕಣ್ಣೇ ಬಿಡು" ಎಂದೆ. ಆ ಸುಳ್ಳನ್ನು ನಂಬಿದೆಯಲ್ಲ, ಇದನ್ನೂ ನಂಬು ಅಣ್ಣಾ.