ಕೆಂಪು ಚುಕ್ಕೆಯ ಬಸವನಹುಳು

ಪಕ್ಕದ ಮನೆಯ ಮೇಷ್ಟ್ರಿಗೆ, ಗೋಡೆಯ ಈಚೆಯಿಂದ ಗಡಿಯಾರ ರಿಪೇರಿಯವನ ನಮಸ್ಕಾರ.

ನೀವು ಮಗಳ ಮನೆಗೆ ಹೋಗಿ ಎರಡು ತಿಂಗಳಾಯಿತು. ಕಾಲುನೋವು ಹೇಗಿದೆ? ನಾನು ಬರೆಯುತ್ತಿರುವುದು ಅದಕ್ಕಲ್ಲ, ಬಸವನಹುಳುಗಳ ವಿಷಯಕ್ಕೆ.

ನನ್ನ ಕೋಸಿನ ಗಿಡಗಳಿಂದ ಹೆಕ್ಕಿದ ಹುಳುಗಳನ್ನೆಲ್ಲ ಇಷ್ಟು ವರ್ಷ ನಿಮ್ಮ ಕಡೆ ಎಸೆದವನು ನಾನೇ. ಈಗ ಒಪ್ಪಿಕೊಳ್ಳುತ್ತೇನೆ. ನೀವೇನು ಸುಮ್ಮನಿದ್ದಿರಾ? "ಇವು ನಿಮ್ಮನೇವೇ ಕಣ್ರೀ, ತಗೊಳ್ಳಿ!" ಎಂದು ಕೂಗಿ ವಾಪಸ್ ಎಸೆಯುತ್ತಿದ್ದಿರಿ.

ವಾಪಸ್ ಬರುವುದು ನನ್ನ ಹುಳುವೋ ನಿಮ್ಮದೋ ಎಂದು ಪತ್ತೆಮಾಡಿ ನಿಮ್ಮನ್ನು ಹಿಡಿದುಹಾಕೋಣವೆಂದು ಹೋದ ವರ್ಷ ಒಂದರ ಚಿಪ್ಪಿಗೆ ಕೆಂಪು ಚುಕ್ಕೆ ಇಟ್ಟು ಎಸೆದೆ. ನನ್ನವಳ ಉಗುರುಬಣ್ಣದ ಶೀಷೆ ಹಾಗೇ ಉಳಿದಿತ್ತು. ಮಾರನೇ ದಿನ ಹುಳು ವಾಪಸ್ ಬಂತು. ಚುಕ್ಕೆಯ ಪಕ್ಕದಲ್ಲಿ ನಿಮ್ಮ ಗೇಟಿನ ನೀಲಿ ಪೇಂಟಿನಲ್ಲಿ ಒಂದು ರೈಟ್ ಮಾರ್ಕು! ಹುಳು ನನ್ನದೇ ಎಂದು ನಾನೇ ಬರೆದುಕೊಟ್ಟ ಹಾಗಾಗಿತ್ತು. ಅವಳು ಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತೇ.

ಈಗ ನಿಮ್ಮ ಮನೆಗೆ ಬೀಗ. ಭಾನುವಾರ ಅದೇ ಹುಳು ಮತ್ತೆ ಸಿಕ್ಕಿತು. ಕೈ ಸುಮ್ಮನಿರದೆ ಎಸೆದೆ. ಆಮೇಲೆ ಸ್ವಲ್ಪ ಹೊತ್ತು ಗೋಡೆಯ ಹತ್ತಿರವೇ ನಿಂತಿದ್ದೆ. ಯಾರೂ ಕೂಗಲಿಲ್ಲ.

ಒಂದು ಕೋರಿಕೆ. ಮನೆ ಬಾಡಿಗೆಗೆ ಕೊಡುವುದಾದರೆ, ಹುಳುಗಳ ಮೇಲೆ ಉಪ್ಪು ಸುರಿಯದವರಿಗೆ ಕೊಡಿ.

ಇವತ್ತು ಬೆಳಿಗ್ಗೆ ನೋಡಿದರೆ, ಅದು ತಾನಾಗಿಯೇ ಗೋಡೆ ಹತ್ತಿ ಇಳಿದು ನನ್ನ ಕೋಸಿನ ಮೇಲೆ ಕೂತಿದೆ. ಬರಲು ನಾಲ್ಕು ದಿನ ಹಿಡಿಯಿತು, ಪಾಪ. ನಿಮ್ಮಲ್ಲಿಂದ ಇಲ್ಲಿಗೆ ಬಸ್ಸಿನಲ್ಲಿ ಮೂರೇ ಗಂಟೆ.

ಇಂತಿ,
ಹುಳುಗಳ ಯಜಮಾನ